ಕಾಸಿನ ಕಾವಲು

ನಮ್ಮ ಕಡೆ ಫ್ಯೂಸನ್ನು ಯಾರೂ ಹಾಕುವುದಿಲ್ಲ, ಕಟ್ಟುತ್ತಾರೆ. ತೋರಣ ಕಟ್ಟಿದ ಹಾಗೆ, ಕೊಟ್ಟಿಗೆಯಲ್ಲಿ ದನ ಕಟ್ಟಿದ ಹಾಗೆ. ಮೀಟರ್ ಬೋರ್ಡಿನ ಪಕ್ಕದಲ್ಲಿ ಬಿಳಿ ಪಿಂಗಾಣಿಯ ಕಿಟ್‌ಕ್ಯಾಟ್ ಇದ್ದ ಕಾಲದಲ್ಲಿ ಅದನ್ನು ಹೊರಗೆಳೆದು, ಎರಡು ತಿರುಪುಗಳ ನಡುವೆ ತಂತಿ ಸುತ್ತಿ, ಮತ್ತೆ ಒತ್ತಿ ಕೂರಿಸಲು ಬಾರದ ಗಂಡಸು ಮನೆಯಲ್ಲಿ ಇದ್ದೂ ಇಲ್ಲದ ಹಾಗೆ ಎಂಬ ಭಾವನೆಯಿತ್ತು. ಇದಕ್ಕೆಂದೇ ಫ್ಯೂಸ್ ವಯರಿನ ಸಣ್ಣ ಸುರುಳಿಯೊಂದು ಮನೆಯಲ್ಲಿ ಇರಬೇಕಾದ್ದು ನ್ಯಾಯ. ಆದರೆ ಕತ್ತಲಾದಾಗ ಆ ಸುರುಳಿ ಕೈಗೆ ಸಿಕ್ಕ ಮನೆಯನ್ನು ನಾನು ಕಂಡಿಲ್ಲ. ಸಿಗುತ್ತಿದ್ದುದು ಹಳೆಯ ವಯರಿನ ತುಂಡು. ಅದರ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಸುಲಿದು, ಒಳಗಿನ ತಾಮ್ರದ ನಾಲ್ಕು ಎಳೆ ಹೊಸೆದು ಕಟ್ಟಿದರೆ ದೀಪ ಹತ್ತುತ್ತಿತ್ತು. ‘ಈ ಸಲ ಗಟ್ಟಿಯಾಗಿ ಕಟ್ಟಿದ್ದೇನೆ, ಇನ್ನು ಹೋಗುವುದಿಲ್ಲ’ ಎಂದು ಕಟ್ಟಿದವರು ಕೈ ಒರೆಸಿಕೊಳ್ಳುತ್ತಿದ್ದರು. ಹೋಗುವುದೇ ಅದರ ಕೆಲಸವೆಂದು ಹೇಳುವ ಧೈರ್ಯ ಆ ಹೊತ್ತಿನಲ್ಲಿ ಯಾರಿಗೂ ಇರುತ್ತಿರಲಿಲ್ಲ.

ನಾನು ಬದುಕಿನ ಬಹುಭಾಗವನ್ನು ಬೋರ್ಡು ಬರೆಯುವುದರಲ್ಲಿ ಕಳೆದವನು. ಬೋರ್ಡು ಎಂದರೆ ಅಂಗಡಿಯ ಮುಂದಿನದಲ್ಲ, ಪಿ.ಸಿ.ಬಿ. ರೇಡಿಯೋ, ಟೀವಿಗಳ ಬೆನ್ನು ಬಿಚ್ಚಿದಾಗ ಕಾಣುವ ಹಸಿರು ಹಲಗೆ. ಗಾಜಿನ ನಾರನ್ನು ಎಪಾಕ್ಸಿ ಅಂಟಿನಲ್ಲಿ ಹೂತು ಮಾಡಿದ ಗಟ್ಟಿ ಹಾಳೆ, ಅದರ ಮೇಲೆ 35 ಮೈಕ್ರಾನ್ ದಪ್ಪದ ತಾಮ್ರದ ಪದರ. ಬೇಡವಾದ ತಾಮ್ರವನ್ನು ಫೆರಿಕ್ ಕ್ಲೋರೈಡಿನಂಥ ರಾಸಾಯನಿಕದಲ್ಲಿ ಕರಗಿಸಿ ತೆಗೆದರೆ ವಿದ್ಯುತ್ತು ಓಡಾಡಬೇಕಾದ ದಾರಿಗಳಷ್ಟೇ ಉಳಿಯುತ್ತವೆ. ಯಾವ ದಾರಿ ಎಲ್ಲಿಂದ ಎಲ್ಲಿಗೆ, ಎಷ್ಟು ಅಗಲ, ಯಾವುದರಿಂದ ಎಷ್ಟು ದೂರ ಎಂದು ನಿರ್ಧರಿಸುವವನೇ ಬೋರ್ಡು ಬರೆಯುವವನು. ಒಂದು ರೀತಿಯಲ್ಲಿ ಊರಿನ ಓಣಿಗಳನ್ನು ಅಳೆದುಕೊಡುವ ಸರ್ವೆಯವನ ಕೆಲಸ. ವ್ಯತ್ಯಾಸವೆಂದರೆ ನಮ್ಮ ಓಣಿ ಕಿರಿದಾದರೆ ಯಾರೂ ಅರ್ಜಿ ಕೊಡುವುದಿಲ್ಲ, ಓಣಿಯೇ ಸುಟ್ಟುಹೋಗುತ್ತದೆ.

1998ರಿಂದ ಎಂಟು ವರ್ಷ ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿದ್ದೆ. ಒಂದು ಶೆಡ್ಡು, ಬೆಸುಗೆ ಹಾಕುವ ಆರು ಹೆಣ್ಣುಮಕ್ಕಳು, ಪರೀಕ್ಷೆ ಮಾಡುವ ಇಬ್ಬರು ಹುಡುಗರು, ನಾನು, ಮತ್ತು ನಾವೆಲ್ಲ ಸಾವುಕಾರರೆಂದು ಕರೆಯುತ್ತಿದ್ದ ಮಾಲೀಕರು. ಮನೆಗಳ ಸೋಲಾರ್ ದೀಪಕ್ಕೆ ಬೇಕಾದ ಚಾರ್ಜ್ ಕಂಟ್ರೋಲರ್ ಡಬ್ಬಿಗಳನ್ನು ನಾವು ಮಾಡುತ್ತಿದ್ದೆವು. ಮೇಲೆ 35 ವ್ಯಾಟಿನ ಒಂದು ಪ್ಯಾನೆಲ್ಲು, ಕೆಳಗೆ 12 ವೋಲ್ಟಿನ ಸೀಸದ ಬ್ಯಾಟರಿ, ನಡುವೆ ನಮ್ಮ ಡಬ್ಬಿ, ಅದರಿಂದಾಚೆ ನಾಲ್ಕು ಸಿ.ಎಫ್.ಎಲ್. ದೀಪ. ಅನುಕೂಲಸ್ಥರಾದರೆ 12 ವೋಲ್ಟಿನ ಕಪ್ಪು-ಬಿಳುಪು ಟೀವಿ. ಯಲ್ಲಾಪುರ, ಶಿರಸಿ, ಸಿದ್ದಾಪುರದ ಕಡೆಯ ಅಡಿಕೆ ತೋಟದ ಒಂಟಿಮನೆಗಳಿಗೆ ಕಂಬದ ಕರೆಂಟು ಬಂದರೂ ಮಳೆಗಾಲದಲ್ಲಿ ಅದು ನೆಂಟರ ಹಾಗೆ ಮುಖ ತೋರಿಸಿ ಹೋಗುತ್ತಿದ್ದುದರಿಂದ ಈ ದೀಪಗಳಿಗೆ ಬೇಡಿಕೆಯಿತ್ತು.

ಮಾರುವವರು ಇದನ್ನು ಮಾರುತ್ತಿದ್ದ ರೀತಿಯೂ ಸೊಗಸೇ. ಬ್ಯಾಟರಿಯ ಎರಡೂ ಕೊಂಬುಗಳ ಮೇಲೆ ಬೆರಳಿಟ್ಟು, ‘ನೋಡಿ, ಹೊಡೆಯುವುದಿಲ್ಲ, ಮಕ್ಕಳು ಮುಟ್ಟಿದರೂ ಭಯವಿಲ್ಲ’ ಎನ್ನುತ್ತಿದ್ದರು. ಮಾತು ನಿಜವೇ. ಒಣಗಿದ ಚರ್ಮವನ್ನು ದಾಟುವ ಶಕ್ತಿ 12 ವೋಲ್ಟಿಗಿಲ್ಲ. ಆದರೆ ಹೊಡೆಯುವುದು ಬೇರೆ, ಸುಡುವುದು ಬೇರೆ. ಹೊಡೆತ ವೋಲ್ಟಿನ ಕೈಯಲ್ಲಿದ್ದರೆ ಸುಡುವ ವಿದ್ಯೆ ಆಂಪಿಯರಿನ ಕೈಯಲ್ಲಿದೆ. ಈ ವಿಷಯದಲ್ಲಿ ಪ್ಯಾನೆಲ್ಲು ಸಾಧು ಪ್ರಾಣಿ. ಅದರ ಎರಡು ತುದಿಗಳನ್ನು ನೇರವಾಗಿ ಕೂಡಿಸಿಬಿಟ್ಟರೂ ತನ್ನ ಎಂದಿನ ಎರಡು ಆಂಪಿಯರಿಗಿಂತ ಒಂದಿಷ್ಟು ಹೆಚ್ಚು ಕೊಟ್ಟು ಸುಮ್ಮನಾಗುತ್ತದೆ. ಬಿಸಿಲು ಎಷ್ಟೋ ಅಷ್ಟು, ಅದಕ್ಕಿಂತ ಹೆಚ್ಚು ಅದರ ಬಳಿ ಇಲ್ಲ. ಬ್ಯಾಟರಿ ಹಾಗಲ್ಲ. ದಿನವಿಡೀ ಕೂಡಿಸಿಟ್ಟುಕೊಂಡದ್ದನ್ನು ಕೇಳಿದವರಿಗೆ ಒಂದೇ ಉಸಿರಿಗೆ ಕೊಟ್ಟುಬಿಡುವ ಉಡಾಳ. ತುದಿಗಳು ಕೂಡಿದರೆ ನೂರಾರು ಆಂಪಿಯರು.

2000ನೇ ಇಸವಿಯ ಫೆಬ್ರವರಿಯಲ್ಲಿ ಯಲ್ಲಾಪುರದ ಆಚೆ ಘಟ್ಟದಂಚಿನ ಒಂದು ಮನೆಯಿಂದ ನಮ್ಮ ಡಬ್ಬಿಯೊಂದು ವಾಪಸು ಬಂತು. ಬೋರ್ಡಿನ ಒಂದು ಮೂಲೆ ಇದ್ದಿಲಾಗಿತ್ತು. ಗಾಜಿನ ಫ್ಯೂಸು ಇರಬೇಕಾದ ಕ್ಲಿಪ್ಪುಗಳಿಗೆ ಏಳು ಎಳೆ ತಾಮ್ರದ ತಂತಿಯನ್ನು ನೀಟಾಗಿ ಹೊಸೆದು ಕಟ್ಟಲಾಗಿತ್ತು. ಬೋರ್ಡು ನಾನು ಸೇರುವ ಮೊದಲಿನದು. ಅದನ್ನು ಹೊಸದಾಗಿ ಬರೆಯುವ ಕೆಲಸ ನನ್ನ ಪಾಲಿಗಿತ್ತಾದ್ದರಿಂದ ಬಸ್ಸು ಹತ್ತಿ ಆ ಮನೆಗೆ ಹೋದೆ.

ನಡೆದದ್ದು ಇಷ್ಟು. ಅಟ್ಟದ ಮೇಲೆ ಅಡಿಕೆ ಚೀಲಗಳು, ಅದರಾಚೆ ದನಗಳ ಒಣಹುಲ್ಲು. ಕೊನೆಯ ದೀಪದ ವಯರು ಅಟ್ಟದ ತೊಲೆಯ ಗುಂಟ ಕೊಟ್ಟಿಗೆಗೆ ಹೋಗಿತ್ತು. ಅದನ್ನು ಇಲಿ ಕಡಿದಿತ್ತು. ಸುಲಿದ ಎರಡು ತಂತಿಗಳು ಆಗಾಗ ತಾಗಿದಾಗ ಫ್ಯೂಸು ಹೋಗುತ್ತಿತ್ತು. ಒಮ್ಮೆ ಹೋಯಿತು, ಹೊಸದು ತಂದು ಹಾಕಿದರು. ಮತ್ತೆ ಹೋಯಿತು. ಆಗ ಯಲ್ಲಾಪುರದಲ್ಲಿ ಆ ಗಾಜಿನ ಫ್ಯೂಸು ಸಿಗುತ್ತಿದ್ದುದು ರೇಡಿಯೋ ರಿಪೇರಿಯ ಒಂದು ಅಂಗಡಿಯಲ್ಲಿ. ಅಂದು ಅಲ್ಲಿಯೂ ಮುಗಿದಿತ್ತು. ಯಜಮಾನರು ಎಲ್ಲರೂ ಮಾಡುವುದನ್ನೇ ಮಾಡಿದರು. ಎರಡು ಸಲ ಬಂದು ಬಾಗಿಲು ತಟ್ಟಿ ‘ನಿಮ್ಮ ಅಟ್ಟದಲ್ಲಿ ಏನೋ ಸರಿಯಿಲ್ಲ’ ಎಂದು ಹೇಳಿದವನ ಬಾಯಿಗೆ ತಾಮ್ರ ತುರುಕಿದಂತಾಯಿತು. ಮೂರನೆಯ ಸಲ ತಂತಿಗಳು ತಾಗಿ ಹಾಗೇ ಉಳಿದವು. ರಾತ್ರಿ ಪ್ಲಾಸ್ಟಿಕ್ ಸುಟ್ಟ ನಾತ ಬಂದು, ಮನೆಯ ಅಜ್ಜಿಗೆ ಎಚ್ಚರವಾಗಿ, ಯಜಮಾನರು ಕತ್ತಿಯಿಂದ ಬ್ಯಾಟರಿಯ ವಯರನ್ನೇ ಕಡಿದು ಹಾಕಿದರು. ತೊಲೆಯ ಮೇಲೆ ಒಂದು ಮಾರುದ್ದ ಕಪ್ಪು ಗೆರೆ ಮೂಡಿತ್ತು. ಹುಲ್ಲಿಗೂ ಆ ಗೆರೆಗೂ ಒಂದು ಗೇಣಿನ ಅಂತರ.

ಯಜಮಾನರು ನನಗೆ ಬೆಲ್ಲ-ನೀರು ಕೊಟ್ಟು ಕೂರಿಸಿ, ಸಿಟ್ಟಿಲ್ಲದೆ ಒಂದು ಮಾತು ಹೇಳಿದರು: “ತಮಾ, ಹೊಡೆಯೋದಿಲ್ಲ ಅಂತ ನಿಮ್ಮವರು ನಾಲ್ಕು ಸಲ ಹೇಳಿದ್ರು. ಸುಡ್ತದೆ ಅಂತ ಒಂದು ಸಲನೂ ಹೇಳಲಿಲ್ಲ.”

ಬಸ್ಸಿನಲ್ಲಿ ವಾಪಸು ಬರುವಾಗ ಟಿಕೇಟಿನ ಹಿಂದೆ ಲೆಕ್ಕ ಹಾಕಿದೆ. ಕರಗುವ ತಂತಿಯ ಲೆಕ್ಕ ಹಳೆಯದು. ಬ್ರಿಟನ್ನಿನ ಅಂಚೆ ಇಲಾಖೆಯ ಇಂಜಿನಿಯರ್ ವಿಲಿಯಂ ಪ್ರೀಸ್ ಎಂಬಾತ 1880ರ ದಶಕದಲ್ಲಿ ತಂತಿಗಳನ್ನು ಕರಗಿಸಿ ನೋಡಿ ಒಂದು ಸೂತ್ರ ಕೊಟ್ಟಿದ್ದಾನೆ. ಆತನ ಪ್ರಕಾರ 0.2 ಮಿಲಿಮೀಟರ್ ದಪ್ಪದ ಒಂದು ತಾಮ್ರದ ಎಳೆ ಸುಮಾರು 7 ಆಂಪಿಯರಿಗೆ ಕರಗುತ್ತದೆ. ಅಂದರೆ ಯಜಮಾನರು ಒಂದೇ ಎಳೆ ಕಟ್ಟಿದ್ದರೆ ನಮ್ಮ ಡಬ್ಬಿಗೆ ತಕ್ಕದಾದ ಫ್ಯೂಸನ್ನೇ ಮಾಡಿದಂತಾಗುತ್ತಿತ್ತು. ಏಳು ಎಳೆ ಎಂದರೆ ಹತ್ತಿರ ಹತ್ತಿರ 50. ಇನ್ನು ವಯರಿನ ಲೆಕ್ಕ. ಒಂದು ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಮೀಟರಿಗೆ 18 ಮಿಲಿಓಮಿನಷ್ಟು ತಡೆ ಇರುತ್ತದೆ. ಕೊಟ್ಟಿಗೆ 10 ಮೀಟರ್ ದೂರ, ಹೋಗಿಬರುವ ದಾರಿ 20 ಮೀಟರ್, ಒಟ್ಟು 0.36 ಓಮ್. 12 ವೋಲ್ಟನ್ನು ಅದರಿಂದ ಭಾಗಿಸಿದರೆ 33 ಆಂಪಿಯರು.

ಈ 33 ಎಂಬ ಸಂಖ್ಯೆಯನ್ನು ನೋಡಿ ನಾನು ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಶಾರ್ಟು ಎಂದ ಕೂಡಲೇ ನಾವು ನೂರಾರು ಆಂಪಿಯರು, ಢಂ ಎನ್ನುವ ಸದ್ದು, ಕಿಡಿ ಇಷ್ಟನ್ನೇ ಕಲ್ಪಿಸಿಕೊಳ್ಳುತ್ತೇವೆ. ಆದರೆ ಅಟ್ಟದ ಮೇಲಿನ ದೂರದ ಶಾರ್ಟು ಸದ್ದು ಮಾಡುವುದಿಲ್ಲ. ವಯರೇ ಅದನ್ನು ಹಿಡಿದಿಡುತ್ತದೆ. ಹಿಡಿದಿಡುವ ಶ್ರಮಕ್ಕೆ 400 ವ್ಯಾಟಿನಷ್ಟು, ಎಂದರೆ ಅರ್ಧ ಇಸ್ತ್ರಿಪೆಟ್ಟಿಗೆಯಷ್ಟು ಕಾಯುತ್ತದೆ. ತುಂಬಿದ ಬ್ಯಾಟರಿ ಇದನ್ನು ಒಂದು ಗಂಟೆಗೂ ಮೀರಿ ನಡೆಸಿಕೊಡಬಲ್ಲದು. 50 ಆಂಪಿಯರಿನ ಫ್ಯೂಸು ಅಷ್ಟು ಹೊತ್ತೂ ಎಲ್ಲ ಕ್ಷೇಮ ಎಂದುಕೊಂಡು ಕೂತಿರುತ್ತದೆ.

ಮರುದಿನ ಸಾವುಕಾರರ ಮುಂದೆ ಸುಟ್ಟ ಬೋರ್ಡನ್ನಿಟ್ಟೆ. ಅವರು ಒಳ್ಳೆಯವರು, ಆದರೆ ಕಾಸಿನವರು. ಒಂದು ಡಬ್ಬಿಯ ಮೇಲೆ ಹತ್ತು ರೂಪಾಯಿ ಹೆಚ್ಚಾದರೆ ವ್ಯಾಪಾರಿ ಬೆಂಗಳೂರಿನ ಡಬ್ಬಿ ಕೊಳ್ಳುತ್ತಾನೆ ಎಂಬುದು ಅವರ ನಿತ್ಯದ ಮಂತ್ರ. ಅದು ಸುಳ್ಳೂ ಅಲ್ಲ. ಬೋರ್ಡನ್ನು ತಿರುಗಿಸಿ ನೋಡಿ, “ಫ್ಯೂಸ್ ಯಾಕ ಬೇಕ್ರಿ? ಒಂದ್ ಕಡೆ ತಾಮ್ರದ ಗೆರೀನ ಸಣ್ಣ ಮಾಡ್ರಿ. ಹೆಚ್ಚಿಗಿ ಕರೆಂಟ್ ಹೋದ್ರ ಅಲ್ಲೇ ಸುಟ್ಟು ಹೋಗ್ತದ. ಒಂದ್ ಪೈಸಾ ಖರ್ಚಿಲ್ಲ” ಎಂದರು.

ಇದನ್ನು ಕೇಳಿ ನಗಬಾರದು. ಬೋರ್ಡು ಬರೆಯುವ ಅನೇಕರಿಗೆ ಹೊಳೆಯುವ ಉಪಾಯವೇ ಇದು. ಲೆಕ್ಕವೂ ಕೂಡಿಬರುತ್ತದೆ: ಕಾಲು ಮಿಲಿಮೀಟರ್ ಅಗಲದ ಗೆರೆಯಲ್ಲಿ 25 ಆಂಪಿಯರು ಹರಿದರೆ ಅದು ಸೆಕೆಂಡಿನ ನೂರರಲ್ಲೊಂದು ಭಾಗದಲ್ಲಿ ಕರಗಬೇಕು. ನಾನು ಹುಡುಗರಿಗೆ ಹೇಳಿ ಅಂಥದೊಂದು ತುಂಡು ಮಾಡಿಸಿ ಸಾವುಕಾರರ ಎದುರಿಗೇ ಪರೀಕ್ಷೆಗಿಟ್ಟೆ. ಒಮ್ಮೆಗೇ ದೊಡ್ಡ ಕರೆಂಟು ಬಿಟ್ಟಾಗ ಗೆರೆ ಟಪ್ಪೆಂದು ಹಾರಿಹೋಯಿತು. ಸಾವುಕಾರರ ಮುಖ ಅರಳಿತು. ಎರಡನೆಯದಕ್ಕೆ ಕರೆಂಟನ್ನು ಮೆಲ್ಲನೆ ಏರಿಸುತ್ತ ಹೋದೆ, ಇಲಿ ಕಡಿದ ವಯರು ತಾಗಿಯೂ ತಾಗದ ಹಾಗಿರುವಾಗ ಏರುವಂತೆ. ತಾಮ್ರ ಕರಗಲು 1085 ಡಿಗ್ರಿ ಕಾವು ಬೇಕು. ಅದರ ಕೆಳಗಿನ ಎಪಾಕ್ಸಿಗೆ ಮುನ್ನೂರು ಚಿಲ್ಲರೆ ಡಿಗ್ರಿಯಲ್ಲೇ ಗತಿ ಕಾಣುತ್ತದೆ. ಗೆರೆ ಇನ್ನೂ ಗಟ್ಟಿಯಾಗಿರುವಾಗಲೇ ಹಲಗೆ ಕಂದಿತು, ಉಬ್ಬಿತು, ಹೊಗೆಯಾಡಿತು, ಕಪ್ಪಾಯಿತು. ಕೊನೆಗೆ ಗೆರೆ ಕಡಿದಾಗ ಮೀಟರಿನ ಕಡ್ಡಿಗಳನ್ನು ಎರಡೂ ಕಡೆ ಇಟ್ಟರೆ ದಾರಿ ಪೂರ್ತಿ ಮುಚ್ಚಿರಲಿಲ್ಲ. ಸುಟ್ಟ ಎಪಾಕ್ಸಿ ಎಂದರೆ ಇದ್ದಿಲು. ಇದ್ದಿಲಿಗೆ ವಿದ್ಯುತ್ತನ್ನು ಹರಿಸುವ ಗುಣವಿದೆ. ಕಾವಲುಗಾರ ಸತ್ತ ಮೇಲೆ ಅವನ ಬೂದಿಯೇ ಕಳ್ಳನಿಗೆ ಬಾಗಿಲು ತೆರೆದ ಹಾಗೆ. ಸಾವುಕಾರರು ಮೂಗು ಮುಚ್ಚಿಕೊಂಡು ಹೊರಗೆ ಹೋದರು. ಆ ಪ್ರಸ್ತಾಪ ಮತ್ತೆ ಬರಲಿಲ್ಲ.

ಹಾಗಾದರೆ ಗಾಜಿನ ಫ್ಯೂಸನ್ನೇ ಉಳಿಸಿಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಅದರ ಬಗ್ಗೆ ಜನರಿಗಿರುವ ನಂಬಿಕೆ ದೊಡ್ಡದು. 5 ಆಂಪಿಯರ್ ಎಂದು ಅದರ ಟೊಪ್ಪಿಗೆಯ ಮೇಲೆ ಕೆತ್ತಿದ್ದರೆ 5 ದಾಟಿದ ಕ್ಷಣವೇ ಅದು ಕಡಿಯುತ್ತದೆಂದು ತಿಳಿದವರೇ ಹೆಚ್ಚು. ಅಂತರರಾಷ್ಟ್ರೀಯ ಐ.ಇ.ಸಿ. ನಿಯಮದ ಪ್ರಕಾರ ಮಾಡಿದ ಸಾಮಾನ್ಯ ಗಾಜಿನ ಫ್ಯೂಸು ತನ್ನ ಮೇಲೆ ಬರೆದದ್ದರ ಒಂದೂವರೆ ಪಟ್ಟು ಕರೆಂಟನ್ನು ಒಂದು ಗಂಟೆ ಹೊತ್ತರೂ ಹೋಗಬಾರದು! ಎರಡು ಪಟ್ಟು ದಾಟಿದರೂ ಬೇಗ ಕರಗುವ ಜಾತಿಗೆ ಅರ್ಧ ಗಂಟೆಯವರೆಗೆ ಸಮಯ ಉಂಟು. ಫ್ಯೂಸು ಕಾವಲುಗಾರನಿಗಿಂತ ಹೆಚ್ಚಾಗಿ ಪಂಚಾಯಿತಿಯ ಹಿರಿಯನ ಹಾಗೆ. ಸಣ್ಣ ಗಲಾಟೆಗೆ ಏಳುವುದಿಲ್ಲ, ಕೊಲೆಯಾಗುವ ಹಾಗಿದ್ದರೆ ಮಾತ್ರ ಎದ್ದು ಬರುತ್ತಾನೆ. ನಮ್ಮ ಕಸುಬಿನವರಲ್ಲಿ ಒಂದು ಹಳೆಯ ತಮಾಷೆಯೂ ಇದೆ: ಫ್ಯೂಸಿಗೆ ಅಪಾಯವಾಗದಿರಲೆಂದು ಟ್ರಾನ್ಸಿಸ್ಟರ್ ತಾನೇ ಮೊದಲು ಪ್ರಾಣ ಬಿಡುತ್ತದೆ ಎಂದು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆಗ ಇನ್ನೊಂದು ಹೊಸ ವಸ್ತು ಸಿಗುತ್ತಿತ್ತು. ಹಳದಿ ಬಿಲ್ಲೆಯ ಹಾಗಿರುವ, ತಾನೇ ಸರಿಹೋಗುವ ಫ್ಯೂಸು. ಪ್ಲಾಸ್ಟಿಕ್ಕಿನಲ್ಲಿ ಇದ್ದಿಲ ಪುಡಿ ಬೆರೆಸಿ ಮಾಡಿದ್ದು. ಕರೆಂಟು ಹೆಚ್ಚಾದರೆ ಬಿಸಿಯಾಗಿ ಹಿಗ್ಗುತ್ತದೆ, ಒಳಗಿನ ಪುಡಿಯ ಕೈಕೈ ಬಿಡುತ್ತದೆ, ದಾರಿ ಮುಚ್ಚುತ್ತದೆ. ತಣ್ಣಗಾದರೆ ಮತ್ತೆ ತೆರೆಯುತ್ತದೆ. ಕಟ್ಟುವ ಗೋಜಿಲ್ಲ. ನಾನು ಒಂದು ಡಜನ್ ತಂದು ನೋಡಿದೆ. ವಸ್ತು ಬಲು ಜಾಣತನದ್ದು. ಆದರೆ ಅದಕ್ಕೆ ಕರೆಂಟಿನ ಬಿಸಿಗೂ ಊರಿನ ಬಿಸಿಗೂ ಭೇದ ತಿಳಿಯದು. 60 ಡಿಗ್ರಿಯಲ್ಲಿ ಅದು ಹೊರುವ ಭಾರ ಮೂರನೆಯ ಒಂದು ಭಾಗದಷ್ಟು ಇಳಿದುಬಿಡುತ್ತದೆ. ನಮ್ಮ ಡಬ್ಬಿಗಳು ಮಲೆನಾಡಿಗೆ ಮಾತ್ರವಲ್ಲ, ರಾಯಚೂರಿನ ಕಡೆಗೂ ಹೋಗುತ್ತಿದ್ದವು. ಏಪ್ರಿಲಿನಲ್ಲಿ ತಗಡಿನ ಸೂರಿನಡಿ, ಮುಚ್ಚಿದ ಡಬ್ಬಿಯೊಳಗೆ 60 ಡಿಗ್ರಿ ಏನು ದೊಡ್ಡ ಮಾತಲ್ಲ. ಅಲ್ಲಿ ಸುಮ್ಮನೆ ದೀಪ ಹೋದರೆ ಮಾಡುವುದೇನು? ಆ ಬಿಲ್ಲೆಯ ಮೇಲೂ ಒಂದು ತಾಮ್ರದ ತಂತಿ ಬೀಳುತ್ತದೆ.

ನನಗೆ ಬಿಡಿಸಲಾಗದ ಗಂಟಾಗಿದ್ದುದು ಇದೇ. ಕರೆಂಟನ್ನು ತಡೆಯುವುದು ದೊಡ್ಡ ವಿದ್ಯೆಯಲ್ಲ, ಪುಸ್ತಕದಲ್ಲಿದೆ. ಕತ್ತಲಲ್ಲಿ ಕೂತ ಮನುಷ್ಯನಿಗೆ ತಾಮ್ರದ ಎಳೆ ಹುಡುಕುವ ಮನಸ್ಸೇ ಬಾರದ ಹಾಗೆ ತಡೆಯುವುದು ಹೇಗೆ? ಅದೂ ಐದಾರು ರೂಪಾಯಿಯೊಳಗೆ?

ಬೋರ್ಡನ್ನು ಮುಂದಿಟ್ಟುಕೊಂಡು, ಹೊಸದಾಗಿ ಏನು ತರುವುದು ಎಂದು ಯೋಚಿಸುವುದನ್ನು ಬಿಟ್ಟು, ಮನೆಯಲ್ಲಿ ಏನೇನು ಬಿದ್ದಿದೆ ಎಂದು ನೋಡಿದೆ. ಬ್ಯಾಟರಿ ತೀರ ಇಳಿದಾಗ ದೀಪಗಳನ್ನು ಆರಿಸಲು ಅಲ್ಲಿ ಆಗಲೇ ಒಂದು ಮಾಸ್‌ಫೆಟ್ ಇತ್ತು, ಐ.ಆರ್.ಎಫ್.ಝಡ್. 44 ಎಂಬ ಹೆಸರಿನ, 55 ವೋಲ್ಟು ತಡೆಯುವ ಗಟ್ಟಿ ಆಳು. ಅಂದರೆ ಬಾಗಿಲು ಇದೆ. ಅದನ್ನು ತೆರೆದು ಮುಚ್ಚುವ ಎಲ್.ಎಂ. 358 ಎಂಬ ಚಿಪ್ಪಿನಲ್ಲಿ ಅವಳಿ ಆಪ್‌ಆ್ಯಂಪುಗಳು. ಒಂದು ಬ್ಯಾಟರಿಯ ವೋಲ್ಟು ನೋಡುತ್ತಿತ್ತು. ಇನ್ನೊಂದು ಕೆಲಸವಿಲ್ಲದೆ ಕೂತಿತ್ತು, ಸಂಬಳ ಮಾತ್ರ ಪೂರ್ತಿ. ಇನ್ನು ಬೇಕಾದದ್ದು ಕರೆಂಟನ್ನು ಅಳೆಯುವ ಕಣ್ಣು. ಅದಕ್ಕೆಂದೇ ಮಾಡಿದ ಕಡಿಮೆ ಓಮಿನ ರೆಸಿಸ್ಟರು ಆಗ ದುಬಾರಿ. ಆದರೆ ತಾಮ್ರದ ಗೆರೆಯೇ ಒಂದು ರೆಸಿಸ್ಟರಲ್ಲವೇ?

ಸಾವುಕಾರರ ಉಪಾಯವೇ ಇಲ್ಲಿ ಬೇರೆ ವೇಷದಲ್ಲಿ ಕೆಲಸಕ್ಕೆ ಬಂತು. ಗೆರೆಯನ್ನು ಸುಡಲು ಬಿಡಬಾರದು, ಅಳತೆಗೋಲು ಮಾಡಿಕೊಳ್ಳಬೇಕು. 35 ಮೈಕ್ರಾನ್ ತಾಮ್ರದಲ್ಲಿ ಒಂದು ಚೌಕಕ್ಕೆ ಅರ್ಧ ಮಿಲಿಓಮ್ ತಡೆ. ಚೌಕ ದೊಡ್ಡದಿರಲಿ ಚಿಕ್ಕದಿರಲಿ ಅಷ್ಟೇ. ಇದು ನನಗೆ ಈಗಲೂ ಬೆರಗಿನ ವಿಷಯ. ಐದು ಮಿಲಿಮೀಟರ್ ಅಗಲ, ಐವತ್ತು ಮಿಲಿಮೀಟರ್ ಉದ್ದದ ಪಟ್ಟಿಯೆಂದರೆ ಸಾಲಾಗಿ ಹತ್ತು ಚೌಕ, 5 ಮಿಲಿಓಮ್. 8 ಆಂಪಿಯರು ಹರಿದರೆ ಅದರ ಎರಡು ತುದಿಗಳ ನಡುವೆ 40 ಮಿಲಿವೋಲ್ಟು ಹುಟ್ಟುತ್ತದೆ. ಸೊನ್ನೆಯ ಹತ್ತಿರದ ಇಷ್ಟು ಸಣ್ಣ ವೋಲ್ಟನ್ನು ಎಲ್ಲ ಆಪ್‌ಆ್ಯಂಪುಗಳೂ ನೋಡಲಾರವು. 358 ನೋಡಬಲ್ಲದು, ಅದಕ್ಕೇ ಅದು ಬಡವರ ಬಂಧು. ಅದರ ದೃಷ್ಟಿದೋಷ ಹೆಚ್ಚೆಂದರೆ 7 ಮಿಲಿವೋಲ್ಟು. ಹಾಗಾಗಿ 8 ಎಂದದ್ದು ಆರೂವರೆ ಆಗಬಹುದು, ಒಂಬತ್ತೂವರೆ ಆಗಬಹುದು. ನಾವೇನು ಚಿನ್ನ ತೂಗುತ್ತಿಲ್ಲ. ಮನೆಯ ಖರ್ಚು 4 ಆಂಪಿಯರು, ಅಟ್ಟದ ಶಾರ್ಟು 33. ನಡುವೆ ಎಲ್ಲಿ ಗೆರೆ ಎಳೆದರೂ ಸರಿಯೇ. ತಾಮ್ರ ಕಾದಂತೆ ಅದರ ತಡೆ ಡಿಗ್ರಿಗೆ ಶೇಕಡಾ 0.39ರಷ್ಟು ಏರುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಕಾವಲು ಸ್ವಲ್ಪ ಬೇಗ ಎಚ್ಚರಗೊಳ್ಳುತ್ತದೆ. 30 ಡಿಗ್ರಿ ಏರಿದರೂ ಶೇಕಡಾ 12. ಹಳದಿ ಬಿಲ್ಲೆಯ ಹಾಗೆ ದಾರಿ ತಪ್ಪುವುದಿಲ್ಲ.

358ಕ್ಕೆ ಒಂದು ಕೊರತೆಯಿದೆ, ನಿಧಾನ. ದೀಪ ಹಚ್ಚಿದ ಕ್ಷಣ ಸಿ.ಎಫ್.ಎಲ್.ಗಳು ಗುಟುಕರಿಸುವ ಕರೆಂಟಿಗೆ ಬೆಚ್ಚಿಬೀಳದಿರಲೆಂದು ನಾನೇ ಅದಕ್ಕೆ ಇಪ್ಪತ್ತು ಮಿಲಿಸೆಕೆಂಡು ಕಾಯುವ ಹಾಗೆ ಮಾಡಿದ್ದೆ. ದೂರದ ಶಾರ್ಟಿಗೆ ಅದು ಸಾಕು. ಡಬ್ಬಿಯ ಬಾಯಲ್ಲೇ ತಂತಿಗಳು ಕೂಡಿದರೆ ಅಷ್ಟರಲ್ಲಿ ಮಾಸ್‌ಫೆಟ್ ಹೋಗಿರುತ್ತದೆ. ಅದಕ್ಕೆ ಅದೇ ತಾಮ್ರದ ಪಟ್ಟಿಯ ಮೇಲೆ ಒಂದು ರೂಪಾಯಿಯ ಬಿ.ಸಿ. 547 ಟ್ರಾನ್ಸಿಸ್ಟರನ್ನು ಕೂರಿಸಿದೆ. ಅದು ಏಳುವುದು 0.6 ವೋಲ್ಟಿಗೆ, ಅಂದರೆ 120 ಆಂಪಿಯರಿಗೆ. ಎದ್ದರೆ ಮೈಕ್ರೋಸೆಕೆಂಡುಗಳಲ್ಲಿ ಬಾಗಿಲು ಮುಚ್ಚುತ್ತದೆ. ಜೊತೆಗೆ ಬಿ.ಸಿ. 557 ಎಂಬ ಅದರ ಜೋಡಿ. ಎರಡೂ ಒಂದರ ಕೈಯನ್ನು ಒಂದು ಹಿಡಿದುಕೊಂಡರೆ ಮತ್ತೆ ಬಿಡುವುದಿಲ್ಲ. ಡಬ್ಬಿಯ ಬಾಯಲ್ಲಿ ತಂತಿ ಕೂಡಿಸುವವನು ಸಾಮಾನ್ಯವಾಗಿ ಸ್ಕ್ರೂಡ್ರೈವರ್ ಹಿಡಿದ ಮೆಕ್ಯಾನಿಕ್. ಅವನು ಬ್ಯಾಟರಿ ಬಿಚ್ಚಿ ಹಾಕಿಕೊಳ್ಳಲಿ ಎಂದು ಹಾಗೇ ಬಿಟ್ಟೆ.

ಒಂದು ಸಣ್ಣ ವಿಷಯ, ಆದರೆ ಇದನ್ನು ಬರೆದಿಡುವವರು ಕಡಿಮೆ. ಆ ಪಟ್ಟಿಯ ಮೇಲೆ ಹಸಿರು ಲೇಪ ಪೂರ್ತಿಯಾಗಿ ಇರಬೇಕು. ದೊಡ್ಡ ಕರೆಂಟಿನ ದಾರಿ ಎಂದು ಲೇಪ ಬಿಡಿಸಿ ಮೇಲೆ ಬೆಸುಗೆಯ ತವರ ಹತ್ತಿಸುವುದು ನಮ್ಮಲ್ಲಿ ರೂಢಿ. ಹಾಗೆ ಮಾಡಿದರೆ ಪಟ್ಟಿ ದಪ್ಪಗಾಗಿ, ಒಂದೊಂದು ಬೋರ್ಡಿನಲ್ಲಿ ಒಂದೊಂದು ಅಳತೆ ತೋರಿಸುತ್ತದೆ. ತವರ ಎಷ್ಟು ಕೂತಿತು ಎನ್ನುವುದು ಆ ದಿನ ಬೆಸುಗೆ ಹಾಕಿದವಳ ಕೈಯ ಮೇಲೆ ನಿಂತ ಲೆಕ್ಕ. ಪರೀಕ್ಷೆಗೆ ನಾವು ದುಬಾರಿ ಯಂತ್ರ ತರಲಿಲ್ಲ. ಗಾಡಿಗಳ 35 ವ್ಯಾಟಿನ ಹೆಡ್‌ಲೈಟ್ ಬಲ್ಬುಗಳನ್ನು ಹಲಗೆಯ ಮೇಲೆ ಸಾಲಾಗಿ ಕೂರಿಸಿದೆವು. ಒಂದಕ್ಕೆ ಸುಮಾರು 3 ಆಂಪಿಯರು. ಎರಡು ಹತ್ತಿ ಉರಿಯಬೇಕು, ನಾಲ್ಕನೆಯದಕ್ಕೆ ಎಲ್ಲವೂ ಆರಬೇಕು. ತಣ್ಣಗಿರುವ ಬಲ್ಬಿನ ತಂತಿ ಹತ್ತು ಪಟ್ಟು ಕರೆಂಟು ಎಳೆಯುವುದರಿಂದ ಒಂದನ್ನು ಕಾಯಿಸಿಕೊಂಡೇ ಇನ್ನೊಂದನ್ನು ಸೇರಿಸಬೇಕೆಂಬುದನ್ನು ಪರೀಕ್ಷೆಯ ಹುಡುಗರು ನನಗಿಂತ ಮೊದಲು ಕಂಡುಕೊಂಡಿದ್ದರು.

ಉಳಿದದ್ದು ಒಂದೇ ಪ್ರಶ್ನೆ: 358 ಬಾಗಿಲು ಮುಚ್ಚಿದ ಮೇಲೆ ಮತ್ತೆ ತೆರೆಯುವವರು ಯಾರು? ಪುಸ್ತಕದ ಉತ್ತರ, ಒಂದು ಗುಂಡಿ. ಮನುಷ್ಯ ಬಂದು ಒತ್ತಲಿ. ನಾನು ಮೊದಲ ಐದು ಬೋರ್ಡುಗಳನ್ನು ಹಾಗೆಯೇ ಮಾಡಿ, ಅದರಲ್ಲೊಂದನ್ನು ಯಲ್ಲಾಪುರದ ಅದೇ ಮನೆಗೆ ಒಯ್ದು ಹಾಕಿ, ಗುಂಡಿ ತೋರಿಸಿದೆ. ಅಜ್ಜಿ ನೋಡಿದರು. “ರಾತ್ರಿ ದೀಪ ಹೋದ್ರೆ ಈ ಗುಂಡಿ ಹುಡುಕ್ಲಿಕ್ಕೆ ಮತ್ತೊಂದು ದೀಪ ಬೇಕಲ್ಲ ಮಗಾ?” ಎಂದರು. ನಾನು ನಕ್ಕೆ, ಆದರೆ ಗುಂಡಿಯನ್ನು ಆ ಕ್ಷಣವೇ ಕೈಬಿಟ್ಟೆ.

ಗುಂಡಿಯ ಬದಲು ಒಂದು ಕೆಪಾಸಿಟರು. ಬಾಗಿಲು ಮುಚ್ಚಿದ ಐದು ಸೆಕೆಂಡಿಗೆ ಅದು ತಾನಾಗಿಯೇ ಒಮ್ಮೆ ತೆರೆದು ನೋಡುತ್ತದೆ. ಶಾರ್ಟು ಹಾಗೇ ಇದ್ದರೆ ಇಪ್ಪತ್ತು ಮಿಲಿಸೆಕೆಂಡಿನಲ್ಲಿ ಮತ್ತೆ ಮುಚ್ಚುತ್ತದೆ. ಅಟ್ಟದ ವಯರಿಗೆ 400 ವ್ಯಾಟು ಹೋಗುತ್ತಿದ್ದ ಕಡೆ ಸರಾಸರಿ ಒಂದೂವರೆ ವ್ಯಾಟು. ಮುಟ್ಟಿದರೆ ಬೆಚ್ಚಗೂ ಆಗುವುದಿಲ್ಲ. ಮನೆಯವರು ಮಾಡಬೇಕಾದ್ದು ಇಷ್ಟೇ: ಒಂದೊಂದಾಗಿ ಸ್ವಿಚ್ಚುಗಳನ್ನು ಆರಿಸುತ್ತ ಹೋಗುವುದು. ಯಾವ ಸ್ವಿಚ್ಚು ಆರಿಸಿದಾಗ ಉಳಿದ ದೀಪಗಳು ತಾವಾಗಿ ಹತ್ತುತ್ತವೋ ಆ ವಯರಿನಲ್ಲಿ ಕಳ್ಳನಿದ್ದಾನೆ. ಇದನ್ನು ಯಾರಿಗೂ ಎರಡು ಸಲ ಹೇಳಿಕೊಡಬೇಕಾಗಲಿಲ್ಲ. ಟೀವಿಯ ವಯರು, ಕೊಟ್ಟಿಗೆಯ ವಯರು ಎಂದು ಮನೆಯವರೇ ಪತ್ತೆ ಮಾಡಿ ಅಂಗಡಿಗೆ ಹೇಳಿ ಕಳಿಸತೊಡಗಿದರು. ಬೆಳಕು ಮುಕ್ಕಾಲು ಪಾಲು ವಾಪಸು ಬಂದ ಮೇಲೆ ತಾಮ್ರದ ಎಳೆ ಹುಡುಕುವ ಅವಸರ ಯಾರಿಗಿದೆ?

ಇಷ್ಟಾದರೂ ಒಂದು ಫ್ಯೂಸು ಬೇಕೇ ಬೇಕು. ಮಾಸ್‌ಫೆಟ್ಟುಗಳು ಸಾಯುವಾಗ ಬಹುಮಟ್ಟಿಗೆ ಬಾಗಿಲು ತೆರೆದಿಟ್ಟೇ ಸಾಯುತ್ತವೆ. ಅಂಥ ದಿನಕ್ಕೆ ಹಿಂದೆ ಇನ್ನೊಬ್ಬನಿರಬೇಕು, ಅದೂ ಬ್ಯಾಟರಿಗೆ ಆದಷ್ಟು ಹತ್ತಿರ, ಯಾಕೆಂದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ವಯರಿಗೆ ದೇವರೇ ಕಾವಲು. ಇಲ್ಲಿ ಗಾಜಿನದನ್ನು ಬಿಟ್ಟು ಕಾರುಗಳಿಗೆ ಹಾಕುವ ಎರಡು ಕಾಲಿನ ಪ್ಲಾಸ್ಟಿಕ್ ಫ್ಯೂಸನ್ನು ಆರಿಸಿದೆ. 10 ಆಂಪಿಯರಿಗೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ; ಓದು ಬಾರದವರೂ ಬಣ್ಣ ಹೇಳಿ ತರಬಹುದು. 20 ಆಂಪಿಯರು ಹರಿದರೆ ಕೆಂಪಿನದು ಹೆಚ್ಚೆಂದರೆ ಐದು ಸೆಕೆಂಡು ತಡೆದೀತು. ಎಲ್ಲಕ್ಕಿಂತ ಮುಖ್ಯವಾಗಿ, ರೇಡಿಯೋ ರಿಪೇರಿಯ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿದ್ದವು, ಗಾಡಿ ಸಾಮಾನಿನ ಅಂಗಡಿಗಳು ತಾಲೂಕಿಗೆ ನಾಲ್ಕಾದರೂ ಹುಟ್ಟುತ್ತಿದ್ದವು. ಬಿಡಿಭಾಗ ಆರಿಸುವಾಗ ಅದರ ಗುಣ ನೋಡಿದಷ್ಟೇ ಅದು ಸಿಗುವ ಅಂಗಡಿ ಯಾವ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿದೆ ಎಂಬುದನ್ನೂ ನೋಡಬೇಕೆಂದು ನಮಗೆ ಕಾಲೇಜಿನಲ್ಲಿ ಯಾರೂ ಕಲಿಸಿರಲಿಲ್ಲ.

ಲೆಕ್ಕ ಸಾವುಕಾರರ ಮುಂದೆ ಹೋಯಿತು. ತಾಮ್ರದ ಪಟ್ಟಿಗೆ ಸೊನ್ನೆ, ಆಪ್‌ಆ್ಯಂಪಿನ ಅರ್ಧಕ್ಕೆ ಸೊನ್ನೆ, ಎರಡು ಟ್ರಾನ್ಸಿಸ್ಟರಿಗೆ ಎರಡು ರೂಪಾಯಿ, ಬಿಡಿ ಸಾಮಾನಿಗೆ ಒಂದೂವರೆ, ಹೊಸ ಫ್ಯೂಸು ಮತ್ತು ಕ್ಲಿಪ್ಪಿನಲ್ಲಿ ಹಳೆಯದನ್ನು ಕಳೆದರೆ ಎರಡು. ಒಟ್ಟು ಐದೂವರೆ. ಸಾವುಕಾರರು ಪೆನ್ನಿನಿಂದ ತಲೆ ಕೆರೆದುಕೊಂಡು, ಅಟ್ಟದ ಮೇಲೆ ಆ ವರ್ಷ ಎಷ್ಟು ಚೀಲ ಅಡಿಕೆ ಇತ್ತೆಂದು ಕೇಳಿದರು. ನಲವತ್ತು ಎಂದೆ. ಮತ್ತೇನೂ ಕೇಳದೆ ಸಹಿ ಹಾಕಿ, “ಒಂದ್ ಕೆಲಸ ಮಾಡ್ರಿ, ಮುಚ್ಚಳದೊಳಗ ಎರಡು ಜಾಸ್ತಿ ಫ್ಯೂಸ್ ಅಂಟಿಸಿ ಕಳಿಸ್ರಿ” ಎಂದರು. ಈ ಕೊನೆಯ ಎರಡು ಫ್ಯೂಸುಗಳ ಯೋಚನೆ ಅವರದೇ. ಬೋರ್ಡು ಬರೆಯುವ ನನಗೆ ಹೊಳೆದಿರಲಿಲ್ಲ.

ಈಗ ಇದೆಲ್ಲ ಒಂದೇ ಚಿಪ್ಪಿನಲ್ಲಿ ಬರುತ್ತದೆ. ಲಿಥಿಯಂ ಬ್ಯಾಟರಿಗಳ ಹೊಟ್ಟೆಯಲ್ಲೇ ಇರುವ ಕಾವಲು ಬೋರ್ಡುಗಳೂ ಕೆಲವೇ ಮಿಲಿಓಮಿನ ತಡೆಯ ಮೇಲೆ ಕಣ್ಣಿಟ್ಟು ಮಾಸ್‌ಫೆಟ್ಟಿನ ಬಾಗಿಲು ಹಾಕುತ್ತವೆ. ನಿಮ್ಮ ಮನೆಯ ಎಲ್.ಇ.ಡಿ. ಬಲ್ಬು ಕೆಟ್ಟಾಗ ಬಿಚ್ಚಿ ನೋಡಿ; ಒಳಗೆ ಬರುವ ತಂತಿಯ ಮೊದಲ ಮೆಟ್ಟಿಲಲ್ಲೇ ಒಂದು ಸಣ್ಣ ರೆಸಿಸ್ಟರ್ ಕೂತಿದ್ದರೆ, ಅದು ಬಹುಪಾಲು ಬೆಂಕಿ ಹತ್ತದೆ ಕಡಿದುಕೊಳ್ಳಲೆಂದೇ ಮಾಡಿದ್ದು, ರೆಸಿಸ್ಟರಿನ ಕೆಲಸವನ್ನೂ ಫ್ಯೂಸಿನ ಕೆಲಸವನ್ನೂ ಒಬ್ಬನೇ ಮಾಡುವಂಥದ್ದು. ಅದೂ ಇಲ್ಲದ ಅಗ್ಗದ ಬಲ್ಬುಗಳನ್ನು ನಾನು ಕಂಡಿದ್ದೇನೆ. ಅಲ್ಲಿ ಒಂದು ತಾಮ್ರದ ಗೆರೆಯನ್ನು ಸಣ್ಣದು ಮಾಡಿರುತ್ತಾರೆ.

2022ರಲ್ಲಿ ಶಿರಸಿಯ ಹತ್ತಿರ ಪರಿಚಿತರ ಮನೆಗೆ ಊಟಕ್ಕೆ ಹೋದಾಗ ನಡುಮನೆಯ ಗೋಡೆಯ ಮೇಲೆ ನಮ್ಮ ಡಬ್ಬಿ ಕಂಡಿತು. ದೀಪಗಳೆಲ್ಲ ಎಲ್.ಇ.ಡಿ. ಆಗಿವೆ, ಬ್ಯಾಟರಿ ನಾಲ್ಕನೆಯದಂತೆ. ಅಪ್ಪಣೆ ಕೇಳಿ ಮುಚ್ಚಳ ತೆಗೆದೆ. ಕ್ಲಿಪ್ಪಿನಲ್ಲಿ ಕೆಂಪು ಫ್ಯೂಸು ಹಾಗೇ ಇತ್ತು. ಮುಚ್ಚಳದ ಒಳಗೆ ಅಂಟಿಸಿದ್ದ ಎರಡರಲ್ಲಿ ಒಂದೇ ಉಳಿದಿತ್ತು. ಇನ್ನೊಂದು ಯಾವಾಗ ಬೇಕಾಯಿತು ಎಂದು ಕೇಳಿದ್ದಕ್ಕೆ ಮನೆಯ ಹುಡುಗ ಅಂಗಳದಲ್ಲಿ ನಿಂತಿದ್ದ ಬೈಕಿನ ಕಡೆ ನೋಡಿದ. ಅದಕ್ಕೂ ಕೆಂಪಿನದೇ ಬೇಕಿತ್ತಂತೆ.